ಹಳೆಯ ಕೊಟ್ಟಿಗೆಯನ್ನು ಬಿಚ್ಚುವ ಮೊದಲು: ಮರದ ಚೌಕಟ್ಟನ್ನು ಓದುವ, ದಾಖಲಿಸುವ ಮತ್ತು ದುರಸ್ತಿ ಮಾಡುವ ಕ್ರಮ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ವಾಸದ ಮನೆ ಒಂದೆರಡು ಬಾರಿ ಬದಲಾಗಿ ತಾರಸಿ ಕಂಡಿದ್ದರೂ ಕೊಟ್ಟಿಗೆ ಮಾತ್ರ ಹಿಂದಿನ ಕಂಬ, ತೊಲೆಗಳ ಮೇಲೆಯೇ ನಿಂತಿರುವುದು ಇಂದಿಗೂ ಅಪರೂಪವಲ್ಲ. ಕೈಯಲ್ಲಿ ಹಣ ಓಡಾಡಿದಾಗ ಅದು ಮೊದಲು ಮನೆಗೆ ಖರ್ಚಾಗುತ್ತಿತ್ತು. ಕೊಟ್ಟಿಗೆಗೆ ಬೇಕಾದಷ್ಟೇ ಕೈ ಹಾಕುತ್ತಿದ್ದರು. ಆ ಕಾರಣದಿಂದಲೇ ಒಂದು ಊರಿನ ಹಳೆಯ ಮರಗೆಲಸ, ಅಲ್ಲಿನ ಆಚಾರಿಗಳ ಅಳತೆ, ಅವರು ನೆಚ್ಚಿಕೊಂಡ ಮರದ ಜಾತಿ, ಜೋಡಣೆಯ ಕ್ರಮ ಇವೆಲ್ಲ ಮನೆಗಿಂತ ಕೊಟ್ಟಿಗೆಯಲ್ಲಿ ಹೆಚ್ಚು ನಿಚ್ಚಳವಾಗಿ ಸಿಗುತ್ತವೆ. ಈಗ ದನಗಳ ಸಂಖ್ಯೆ ಇಳಿದಿದೆ. ಕೊಟ್ಟಿಗೆ ಕಾರು ನಿಲ್ಲಿಸುವ ಜಾಗವಾಗುತ್ತಿದೆ, ಇಲ್ಲವೇ ಅಡಿಕೆ ಚೀಲ ಇಡುವ ಗೋದಾಮಾಗುತ್ತಿದೆ, ಇಲ್ಲವೇ ಮೋಪಿನ ಬೆಲೆಗೆ ಬಿಚ್ಚಿ ಮಾರಾಟವಾಗುತ್ತಿದೆ.

ದುರಸ್ತಿ ಮಾಡುವುದಿರಲಿ, ಬಿಚ್ಚುವುದೇ ಇರಲಿ, ಅದಕ್ಕೆ ಮೊದಲು ಆ ಚೌಕಟ್ಟನ್ನು ಓದಿ ಬರೆದಿಡಬೇಕು ಎಂಬುದೇ ಈ ಬರಹದ ಒತ್ತಾಯ. ಮರದ ಚೌಕಟ್ಟು ತನ್ನ ವಯಸ್ಸನ್ನೂ ತಾನು ಹೊತ್ತ ಭಾರವನ್ನೂ ತನಗಾದ ದುರಸ್ತಿಗಳನ್ನೂ ಮೈಮೇಲೆ ಉಳಿಸಿಕೊಂಡಿರುತ್ತದೆ. ಕಂಬ ತೊಲೆಗಳು ಬೇರೆಯಾಗಿ ಅಂಗಳದಲ್ಲಿ ರಾಶಿ ಬಿದ್ದ ಮೇಲೆ ಅದನ್ನು ತಿಳಿಯುವ ದಾರಿ ಉಳಿಯುವುದಿಲ್ಲ. ಚೆನ್ನಾಗಿ ಓದಿದ ಕೊಟ್ಟಿಗೆಯಲ್ಲಿ ಬದಲಿಸಬೇಕಾದ ಮರವೂ ಕಡಿಮೆ ಎಂಬುದು ಇದರ ನೇರ ಲಾಭ.

ಕೊಟ್ಟಿಗೆ ಹೀಗೇಕೆ ಕಟ್ಟಲ್ಪಟ್ಟಿತು

ಘಟ್ಟದ ಮೇಲಿನ ಕೊಟ್ಟಿಗೆಯನ್ನು ಬರೀ ಹಾಲಿನ ಲೆಕ್ಕದಲ್ಲಿ ನೋಡಿದರೆ ಅದರ ರಚನೆ ಅರ್ಥವಾಗುವುದಿಲ್ಲ. ಅದು ಮುಖ್ಯವಾಗಿ ತೋಟಕ್ಕೆ ಗೊಬ್ಬರ ಮಾಡುವ ಕಟ್ಟಡ. ಬೆಟ್ಟದಿಂದ ತಂದ ಸೊಪ್ಪನ್ನು ಮಳೆಗಾಲದಲ್ಲಿಯೂ ದರಕನ್ನು (ಉದುರಿ ಒಣಗಿದ ಎಲೆಯನ್ನು) ಬೇಸಿಗೆಯಲ್ಲಿಯೂ ದನಗಳ ಕಾಲಡಿಗೆ ಹಾಸಿ, ಸಗಣಿ ಗಂಜಲದೊಂದಿಗೆ ಅದು ತುಳಿದು ಬೆರೆತ ಮೇಲೆ ತೆಗೆದು ಗೊಬ್ಬರಗುಂಡಿಗೆ ಹಾಕುವುದು ಇಲ್ಲಿನ ಕ್ರಮ. 1801ರಲ್ಲಿ ಸೋಂದಾ, ಶಿರಸಿಗಳ ಮೇಲೆ ಹಾದುಹೋದ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಇಲ್ಲಿನ ತೋಟಗಾರಿಕೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬ್ರಿಟಿಷ್ ಆಡಳಿತ ಕಾಡನ್ನು ತನ್ನ ಹತೋಟಿಗೆ ತೆಗೆದುಕೊಂಡ ಮೇಲೂ ಸೊಪ್ಪಿಲ್ಲದೆ ತೋಟ ಉಳಿಯುವುದಿಲ್ಲ ಎಂಬುದನ್ನು ಅದು ಒಪ್ಪಬೇಕಾಯಿತು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಸೊಪ್ಪಿನ ಬೆಟ್ಟ ಎಂಬ ಸೌಲಭ್ಯ ಬಂದದ್ದು ಹಾಗೆ.

ಈ ಹಿನ್ನೆಲೆ ಕಟ್ಟಡದ ಮೂರು ಗುಣಗಳನ್ನು ವಿವರಿಸುತ್ತದೆ. ನೆಲ ಮನೆಯ ಜಗಲಿಗಿಂತ ತಗ್ಗಾಗಿರುತ್ತದೆ, ಏಕೆಂದರೆ ಹಾಸು ಏರುತ್ತಾ ಹೋಗಲು ಆಳ ಬೇಕಿತ್ತು. ಗೋಡೆ ಮಣ್ಣಿನದಿರಲಿ ಚಿರೆಕಲ್ಲಿನದಿರಲಿ, ಸೂರಿನವರೆಗೆ ಏರದೆ ಸೊಂಟದೆತ್ತರಕ್ಕೋ ಎದೆಯೆತ್ತರಕ್ಕೋ ನಿಂತು ಮೇಲಿನ ಭಾಗ ಗಾಳಿಗೆ ತೆರೆದಿರುತ್ತದೆ, ಏಕೆಂದರೆ ಹಬೆ ಮತ್ತು ವಾಸನೆ ಹೊರಗೆ ಹೋಗಬೇಕಿತ್ತು. ಮಾಡಿನ ಭಾರ ಆ ಗಿಡ್ಡ ಗೋಡೆಯ ಮೇಲೆ ಕೂರದೆ ಕಂಬಗಳ ಮೇಲೆ ಕೂರುತ್ತದೆ. ಮೇಲೆ ಅಟ್ಟ, ಅಲ್ಲಿ ಬಿಳಿಹುಲ್ಲು, ಕರಡ (ಬೆಟ್ಟದ ಒಣಹುಲ್ಲು), ಕೃಷಿಯ ಸಾಮಾನು. ಹುಲ್ಲಿನ ರಾಶಿ ದನಗಳ ತಲೆಯ ಮೇಲೇ ಇರುವುದರಿಂದ ಮಳೆಗಾಲದ ಜಡಿಯಲ್ಲಿ ಹೊರಗೆ ಕಾಲಿಡದೆ ಮೇವು ಕೆಳಗಿಳಿಸಬಹುದಿತ್ತು.

ಮರದ ಆಯ್ಕೆಯ ಹಿಂದೆಯೂ ಚರಿತ್ರೆಯಿದೆ. ತೇಗ, ಬೀಟೆ, ಗಂಧದ ಮೇಲೆ ಸರ್ಕಾರದ ಹಕ್ಕು ಬಿಗಿಯಾಗಿದ್ದುದರಿಂದ ರೈತನ ಕೊಟ್ಟಿಗೆಯಲ್ಲಿ ಹೆಚ್ಚಾಗಿ ಕಾಣುವುದು ಮತ್ತಿ, ನಂದಿ, ಹೊನ್ನೆ, ಕಿಂದಳ, ಜಂಬೆ ಮತ್ತು ಮನೆಯಂಗಳದ ಹಲಸು. ಪಕಾಸಿಗಳ (ಮಾಡಿನ ಇಳಿಜಾರಿನ ಮರಗಳ) ಮೇಲಿನ ದಬ್ಬೆಗೆ, ಅಟ್ಟದ ಹಾಸಿಗೆ ಅಡಿಕೆ ಮರದ ಸೀಳು ಧಾರಾಳವಾಗಿ ಬಳಕೆಯಾಯಿತು. ಘಟ್ಟದ ಕೆಳಗೆ ಕಾರವಾರ, ಅಂಕೋಲಾ, ಕುಮಟಾ ಕಡೆಗೆ ಬಂದರೆ ಚಿರೆಕಲ್ಲಿನ ಪಾಲು ಹೆಚ್ಚು, ತೆಂಗಿನ ಮರವೂ ತೆಂಗಿನ ಗರಿಯೂ ಸೇರಿಕೊಳ್ಳುತ್ತವೆ, ಮತ್ತು ಉಪ್ಪುಗಾಳಿಗೆ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುವುದರಿಂದ ಮರದ ಗೂಟದ ಜೋಡಣೆಗೆ ಅಲ್ಲಿ ಇನ್ನೂ ಹೆಚ್ಚಿನ ಬೆಲೆಯಿದೆ.

ಎರಡು ಬಾರಿ ನೋಡಬೇಕು

ಒಂದು ಕೊಟ್ಟಿಗೆಯನ್ನು ಸರಿಯಾಗಿ ತಿಳಿಯಲು ಒಂದು ಭೇಟಿ ಸಾಲದು. ಮೊದಲ ಬಾರಿ ಆರಿದ್ರಾ ಅಥವಾ ಪುನರ್ವಸು ಮಳೆ ಜೋರಾಗಿರುವಾಗ ಒಳಗೆ ನಿಂತು ನೋಡಿ. ಶಿರಸಿ ಸುತ್ತ ವರ್ಷದ ಮಳೆ 2000 ಮಿ.ಮೀ. ಮೀರುತ್ತದೆ, ಕರಾವಳಿಯಲ್ಲಿ 3000 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಆ ತಿಂಗಳುಗಳಲ್ಲಿ ಯಾವ ಹೆಂಚಿನಡಿಯಿಂದ ಹನಿ ಬೀಳುತ್ತದೆ, ಆ ಹನಿ ಯಾವ ಪಕಾಸಿಯ ಗುಂಟ ಹರಿದು ಯಾವ ಕಂಬದ ತಲೆಗೆ ಇಳಿಯುತ್ತದೆ, ಯಾವ ದಿಕ್ಕಿನಿಂದ ಇರಚಲು ಹೊಡೆಯುತ್ತದೆ, ಅಂಗಳದ ನೀರು ಎಲ್ಲಿ ಒಳನುಗ್ಗುತ್ತದೆ ಎಂಬುದನ್ನು ಸೀಮೆಸುಣ್ಣದಿಂದ ಆಯಾ ಜಾಗದಲ್ಲೇ ಗುರುತಿಸಿ ಫೋಟೋ ತೆಗೆದಿಡಿ. ಬೇಸಿಗೆಯಲ್ಲಿ ಕಾಣುವ ಕಪ್ಪು ಕಲೆ ಹತ್ತು ವರ್ಷದ ಹಿಂದಿನ ಸೋರಿಕೆಯದೂ ಆಗಿರಬಹುದು. ಮಳೆಯಲ್ಲಿ ಕಂಡದ್ದು ಮಾತ್ರ ಇಂದಿನ ಸಂಗತಿ.

ಎರಡನೆಯ ಬಾರಿ ಚಳಿಗಾಲ ಕಳೆದು ಅಟ್ಟದ ಹುಲ್ಲು ಖಾಲಿಯಾದ ಮೇಲೆ ಹೋಗಿ. ಬೇಕಾದ ಸಾಮಾನು ಹೆಚ್ಚಿಲ್ಲ: ಉದ್ದದ ಟೇಪು, ತೂಗುಗುಂಡು, ನೀರು ತುಂಬಿದ ಲೆವೆಲ್ ಪೈಪು, ಒಳ್ಳೆಯ ಟಾರ್ಚು, ದಬ್ಬಣ, ಚೌಕಳಿ ಹಾಳೆ. ಅಟ್ಟ ಹತ್ತುವಾಗ ಹಲಗೆಯ ನಡುವೆ ಕಾಲಿಡದೆ ಕೆಳಗೆ ಜಂತಿ (ಅಟ್ಟ ಹೊರುವ ಅಡ್ಡ ಮರ) ಇರುವಲ್ಲೇ ಕಾಲಿಡಬೇಕು, ಮತ್ತು ಹುಲ್ಲಿನ ಮೂಲೆಗೆ ಕೈ ಹಾಕುವ ಮೊದಲು ಕೋಲಿನಿಂದ ಸದ್ದು ಮಾಡಬೇಕು. ಅಟ್ಟದಲ್ಲಿ ಹಾವಿರುವುದು ಹೊಸ ಸಂಗತಿಯಲ್ಲ.

ಅಳತೆ

ಮೊದಲು ಕಂಬಗಳಿಗೆ ಹೆಸರು ಕೊಡಿ. ಪಶ್ಚಿಮದ ಸಾಲಿಗೆ ‘ಪ’, ನಡುವಿನದಕ್ಕೆ ‘ನ’, ಪೂರ್ವದ್ದಕ್ಕೆ ‘ಪೂ’ ಎಂದಿಟ್ಟುಕೊಂಡು ಉತ್ತರದ ತುದಿಯಿಂದ ಒಂದು, ಎರಡು ಎಂದು ಎಣಿಸಿದರೆ ಸಾಕು. ಮುಂದೆ ಬರೆಯುವ ಪ್ರತಿಯೊಂದು ಸಂಗತಿಯೂ, ತೆಗೆಯುವ ಪ್ರತಿಯೊಂದು ಫೋಟೋವೂ ಈ ಹೆಸರಿಗೇ ಸೇರಬೇಕು. ಕಂಬದ ನಡುವಿನಿಂದ ನಡುವಿಗೆ ಅಳೆಯಿರಿ. ಮೂಲೆಯಿಂದ ಮೂಲೆಗೆ ಕರ್ಣವನ್ನೂ ಎರಡೂ ಕಡೆಯಿಂದ ಅಳೆಯಿರಿ. ಎರಡು ಕರ್ಣಗಳಲ್ಲಿ ವ್ಯತ್ಯಾಸ ಬಂದರೆ ಚೌಕಟ್ಟು ಒಂದು ಬದಿಗೆ ಜರುಗಿದೆ ಅಥವಾ ಮೊದಲಿನಿಂದಲೇ ಓರೆಯಾಗಿದೆ ಎಂದರ್ಥ. ಯಾವುದೆಂಬುದನ್ನು ಕಂಬಕ್ಕೆ ತೂಗುಗುಂಡು ಹಿಡಿದು ತೀರ್ಮಾನಿಸಬಹುದು. ಕಂಬ ನೆಟ್ಟಗಿದ್ದರೆ ಓರೆ ಹುಟ್ಟಿನದು, ಕಂಬ ವಾಲಿದ್ದರೆ ಅದು ಆಮೇಲೆ ಬಂದದ್ದು.

ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡರೂ ಆ ಸಂಖ್ಯೆಗಳನ್ನು ಹಾಗೆಯೇ ಬಿಡಬೇಡಿ. ಹಳೆಯ ಆಚಾರಿಗಳು ಕೋಲು ಮತ್ತು ಅಂಗುಲದ ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದರು. 24 ಅಂಗುಲಕ್ಕೆ ಒಂದು ಕೋಲು. ಕೋಲಿನ ಉದ್ದ ಪ್ರದೇಶಕ್ಕೆ ತಕ್ಕಂತೆ ವ್ಯತ್ಯಾಸವಾಗುತ್ತದೆ. ಕಂಬಗಳ ಅಂತರ, ತೊಲೆಯ ಎತ್ತರ, ಅಂಕಣದ (ಕಂಬಗಳ ನಡುವಿನ ಒಂದು ಭಾಗದ) ಅಗಲ ಇವೆಲ್ಲವನ್ನೂ ಒಂದೇ ಉದ್ದದಿಂದ ಭಾಗಿಸಿದಾಗ ಪೂರ್ಣ ಅಥವಾ ಅರ್ಧ ಸಂಖ್ಯೆಗಳು ಬಂದರೆ ಆ ಉದ್ದವೇ ಅದನ್ನು ಕಟ್ಟಿದ ಕೈಯ ಕೋಲು. ಪಕ್ಕದ ಮನೆಯ ಕೊಟ್ಟಿಗೆಯಲ್ಲೂ ಅದೇ ಕೋಲು ಸಿಕ್ಕಿದರೆ ಒಂದೇ ಆಚಾರಿ ಮನೆತನದ ಕೆಲಸವಿರಬಹುದೆಂಬ ಊಹೆಗೆ ಆಧಾರ ದೊರೆಯುತ್ತದೆ. ಅಂಕಣವೊಂದು ಮಾತ್ರ ಈ ಲೆಕ್ಕಕ್ಕೆ ಕೂಡದೆ ಅಡಿಯ ಲೆಕ್ಕಕ್ಕೆ ಸರಿಯಾಗಿ ಬಂದರೆ ಅದು ಆಮೇಲೆ ಸೇರಿಸಿದ್ದೆಂದು ಸಂಶಯಿಸಿ ಅಲ್ಲಿನ ಜೋಡಣೆಗಳನ್ನು ವಿಶೇಷವಾಗಿ ನೋಡಬೇಕು.

ಮರದ ಮೈಯನ್ನು ಓದುವುದು

ಇಲ್ಲಿ ಅವಸರ ಮಾಡಬಾರದು. ಟಾರ್ಚನ್ನು ಮರಕ್ಕೆ ನೇರವಾಗಿ ಹಿಡಿಯದೆ ಮೈಗೆ ಒತ್ತಿದಂತೆ ಓರೆಯಾಗಿ ಹಿಡಿದರೆ ಉಪಕರಣದ ಗುರುತುಗಳು ಎದ್ದು ಕಾಣುತ್ತವೆ. ಬಾಚಿಯಿಂದ ಕೆತ್ತಿದ ಮೈಯಲ್ಲಿ ಸಣ್ಣ ಸಣ್ಣ ಬೋಗುಣಿಯಂಥ ತಗ್ಗುಗಳು ಒಂದರ ಪಕ್ಕ ಒಂದು ಇರುತ್ತವೆ. ಇಬ್ಬರು ಮೇಲೆ ಕೆಳಗೆ ನಿಂತು ಎಳೆದ ಗರಗಸದ ಗೀರುಗಳು ನೇರವಾಗಿದ್ದರೂ ಅವುಗಳ ನಡುವಿನ ಅಂತರ, ಓರೆ ಒಂದೇ ಸಮನಿರುವುದಿಲ್ಲ. ಎಳೆಯುವವರು ದಣಿವಾರಿಸಿಕೊಂಡು ಮತ್ತೆ ಶುರುಮಾಡಿದ ಕಡೆ ಗೀರಿನ ಕೋನ ತುಸು ಬದಲಾಗಿರುವುದೂ ಉಂಟು. ಯಂತ್ರದ ದುಂಡು ಗರಗಸ ಕಮಾನಿನಂತಹ ಗೀರುಗಳನ್ನು ಬಿಡುತ್ತದೆ. ಹೀಗಾಗಿ ಬಾಚಿಯ ತೊಲೆಗಳ ನಡುವೆ ಕಮಾನು ಗೀರಿನ ಒಂದು ಜಂತಿಯಿದ್ದರೆ ಅದು ಬದಲಿಸಿದ್ದೆಂಬುದರಲ್ಲಿ ಅನುಮಾನವಿಲ್ಲ.

ಬಣ್ಣವೂ ಇದನ್ನೇ ಹೇಳುತ್ತದೆ. ಸೊಳ್ಳೆ ನೊಣಗಳಿಗೆಂದು ಹಾಕಿದ ಹೊಗೆ, ಪಕ್ಕದ ಬಚ್ಚಲ ಒಲೆಯ ಹೊಗೆ ದಶಕಗಳ ಕಾಲ ಹತ್ತಿದ ಮರ ಕಪ್ಪಾಗಿ ಹೊಳೆಯುತ್ತದೆ. ಆಮೇಲೆ ಸೇರಿದ ಮರ ಮಾಸಲಾಗಿ ಉಳಿಯುತ್ತದೆ. ಮಸಿ ಹಿಡಿದ ತೊಲೆಯಲ್ಲಿ ಒಂದು ಚೌಕ ಮಾತ್ರ ಬೆಳ್ಳಗಿದ್ದರೆ ಅಲ್ಲಿ ಹಿಂದೆ ಮತ್ತೊಂದು ಮರ ಒತ್ತಿಕೊಂಡು ಕೂತಿತ್ತು.

ಜೋಡಣೆಗಳಿಗೆ ಬನ್ನಿ. ಸಾಮಾನ್ಯ ಕ್ರಮದಲ್ಲಿ ಕಂಬದ ತಲೆಯಲ್ಲಿ ಬಿಟ್ಟ ನಾಲಿಗೆ ಉದ್ದ ತೊಲೆಯ ತೂತಿನೊಳಗೆ ಏರುತ್ತದೆ. ಅಡ್ಡ ತೊಲೆ ಅದರ ಮೇಲೆ ಕಚ್ಚು ಹಾಕಿ ಕೂರುತ್ತದೆ. ಅಡ್ಡ ತೊಲೆಯ ನಡುವಿನಿಂದ ಗಿಡ್ಡ ಕಂಬವೆದ್ದು ನೆತ್ತಿಯ ತೊಲೆಯನ್ನು ಹೊರುತ್ತದೆ. ಪಕಾಸಿಗಳು ನೆತ್ತಿಯಿಂದ ಸೂರಿನವರೆಗೆ ಇಳಿಯುತ್ತವೆ. ಪ್ರತಿ ಜೋಡಣೆಯಲ್ಲಿ ನೋಡಬೇಕಾದದ್ದು: ಗೂಟ ಇದೆಯೇ, ಬೆಣೆ ಇದೆಯೇ, ಅವು ಬಿಗಿಯಾಗಿವೆಯೇ, ನಾಲಿಗೆ ತೂತಿನಿಂದ ಎಷ್ಟು ಹೊರಬಂದಿದೆ. ಹೊರಬಂದ ಭಾಗ ಸುತ್ತಲಿನ ಮರಕ್ಕಿಂತ ಬೆಳ್ಳಗಿದ್ದರೆ ಎಳೆತ ಇತ್ತೀಚಿನದು, ಮಸಿ ಹಿಡಿದಿದ್ದರೆ ಹಳೆಯದು ಮತ್ತು ಬಹುಶಃ ನಿಂತುಹೋದದ್ದು. ಜೋಡಣೆಯ ಪಕ್ಕದಲ್ಲಿ ಉಳಿಯಿಂದ ಕೊರೆದ ಗೀರು, ಚುಕ್ಕೆಗಳೇನಾದರೂ ಕಂಡರೆ ಹಾಗೆಯೇ ನಕಲಿಸಿ ಬರೆದುಕೊಳ್ಳಿ. ಯಾವ ನಾಲಿಗೆ ಯಾವ ತೂತಿಗೆ ಎಂಬುದನ್ನು ನೆಲದ ಮೇಲೆ ಜೋಡಿಸಿ ನೋಡಿದಾಗ ಆಚಾರಿ ಮಾಡಿಕೊಂಡ ಗುರುತು ಅದಾಗಿರಬಹುದು.

ಏನೂ ಕೂರದ ಖಾಲಿ ಕಚ್ಚು, ಎಲ್ಲಿಗೂ ಹೋಗದ ತೂತು ಇವುಗಳನ್ನು ತಪ್ಪದೆ ದಾಖಲಿಸಬೇಕು. ಅವು ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿ ಹಲವು ಕಂಬಗಳಲ್ಲಿದ್ದರೆ ಇದೇ ಕೊಟ್ಟಿಗೆಯಲ್ಲಿ ಹಿಂದೆ ಇದ್ದ ಅಟ್ಟವೋ ಅಡ್ಡ ಗಳುವೋ ಕಳೆದುಹೋಗಿದೆ. ಒಂದೇ ತೊಲೆಯಲ್ಲಿ ಅರ್ಥವಿಲ್ಲದ ಕಡೆ ಇದ್ದರೆ ಆ ತೊಲೆ ಬೇರೆ ಕಟ್ಟಡದಿಂದ ಬಂದದ್ದು. ಮನೆ ಪಾಲಾದಾಗ, ಹಳೆ ಮನೆ ಬಿಚ್ಚಿದಾಗ ಉಳಿದ ಮೋಪು ಕೊಟ್ಟಿಗೆಗೆ ಸೇರುವುದು ಸಹಜ. ಹೂಬಳ್ಳಿ ಕೆತ್ತಿದ ಕಂಬವೊಂದು ಗೋದಲಿಯ ಪಕ್ಕ ನಿಂತಿದ್ದರೆ ಅದು ಯಾರದೋ ಜಗಲಿಯದು.

ಕಂಬದ ಕೆಳಭಾಗದಲ್ಲಿ ದನಗಳ ಬರಹವಿದೆ. ಮೈ ಉಜ್ಜಿ ಉಜ್ಜಿ ಗಾಜಿನಂತೆ ನಯವಾದ ಪಟ್ಟಿಯ ಎತ್ತರವನ್ನು ಅಳೆಯಿರಿ; ಮಲೆನಾಡು ಗಿಡ್ಡಗಳಿದ್ದ ಕಡೆ ಅದು ತಗ್ಗಿನಲ್ಲಿರುತ್ತದೆ, ಎಮ್ಮೆಗಳಿದ್ದ ಕಡೆ ಮೇಲೇರಿರುತ್ತದೆ. ಅದಕ್ಕೂ ಕೆಳಗೆ ಕಣ್ಣಿ ಕಟ್ಟಿದ ಜಾಗದಲ್ಲಿ ಹಗ್ಗ ತೇದು ತೇದು ಬೆರಳು ಕೂರುವಷ್ಟು ತೋಡಾಗಿರುತ್ತದೆ. ಎಷ್ಟು ಕಂಬಗಳಲ್ಲಿ ಇಂಥ ತೋಡುಗಳಿವೆ ಎಂದು ಎಣಿಸಿದರೆ ಒಂದು ಕಾಲಕ್ಕೆ ಆ ಮನೆಯಲ್ಲಿ ಎಷ್ಟು ಜಾನುವಾರುಗಳಿದ್ದವು, ಅವನ್ನು ಯಾವ ಮುಖವಾಗಿ ಕಟ್ಟುತ್ತಿದ್ದರು ಎಂಬುದು ಯಾವ ಕಾಗದದಲ್ಲಿಯೂ ಸಿಗದಷ್ಟು ಸ್ಪಷ್ಟವಾಗಿ ಸಿಗುತ್ತದೆ. ತೋಡಿನ ಎತ್ತರ ಇಂದಿನ ನೆಲದಿಂದ ತೀರ ಕಡಿಮೆಯಿದ್ದರೆ ನೆಲವನ್ನು ಆಮೇಲೆ ಏರಿಸಿದ್ದಾರೆ. ಈ ಸುಳಿವು ದುರಸ್ತಿಯ ಹೊತ್ತಿಗೆ ಬಹಳ ಬೇಕಾಗುತ್ತದೆ.

ಮರದ ಜಾತಿ ಗುರುತಿಸಲು ಊರಿನ ಹಿರಿಯ ಆಚಾರಿಯ ಕಣ್ಣೇ ಲೇಸು. ಸಂಶಯವಿದ್ದಲ್ಲಿ, ತೊಲೆಯ ತುದಿಯಿಂದ ಸಣ್ಣ ಚಕ್ಕೆಯೊಂದನ್ನು ತೆಗೆದು ಗಾಜಿನ ಲೋಟದ ನೀರಿನಲ್ಲಿ ಹಾಕಿಡಿ. ಹೊನ್ನೆಯಾದರೆ ನೀರು ಹೊಂಬಣ್ಣಕ್ಕೆ ತಿರುಗಿ ಬೆಳಕಿಗೆ ಹಿಡಿದಾಗ ನೀಲಿ ಛಾಯೆ ತೋರುತ್ತದೆ. ಹಲಸಿನ ಹಳದಿ ಹೊಸ ಕೆತ್ತನೆಯಲ್ಲಿ ಮಾತ್ರ ಕಾಣುತ್ತದೆ, ಹೊರಮೈ ಕಂದಾಗಿರುತ್ತದೆ. ಉಂಗುರ ಎಣಿಸಿ ವಯಸ್ಸು ಹೇಳುವುದು ತೇಗದಲ್ಲಿ ಸಾಧ್ಯ, ಆದರೆ ಅದು ಮರದ ವಯಸ್ಸೇ ಹೊರತು ಕೊಟ್ಟಿಗೆಯದಲ್ಲ.

ವಯಸ್ಸು ಕಟ್ಟುವುದು

ಕೊಟ್ಟಿಗೆಯ ಕಾಲವನ್ನು ಹೇಳಲು ಎಲ್ಲರೂ ಮೊದಲು ಹೆಂಚನ್ನು ತಿರುಗಿಸುತ್ತಾರೆ. ತಿರುಗಿಸಬೇಕಾದದ್ದೇ, ಆದರೆ ಹೆಂಚು ಹೇಳುವುದು ಹೆಂಚಿನ ಕಾಲವನ್ನು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಮಿಷನ್ನಿನ ಉದ್ಯಮಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹೀಗಾಗಿ ಹೆಂಚಿನ ಮೇಲೆ ಬಾಸೆಲ್ ಮಿಷನ್ ಮುದ್ರೆಯಿದ್ದರೆ ಅದು ಆ ಎರಡು ಘಟನೆಗಳ ನಡುವಿನದು, ಕಾಮನ್‌ವೆಲ್ತ್ ಎಂದಿದ್ದರೆ ಅದರ ಈಚಿನದು. ಬೇರೆ ಕಾರ್ಖಾನೆಗಳ ಮುದ್ರೆಯನ್ನೂ ಚಿತ್ರವನ್ನೂ ಹಾಗೆಯೇ ಫೋಟೋ ತೆಗೆದಿಡಿ. ಸೂರಿನ ಸಾಲು, ನಡುವಿನ ಸಾಲು, ನೆತ್ತಿಯ ಸಾಲು ಮೂರರಿಂದಲೂ ಮಾದರಿ ನೋಡಬೇಕು, ಏಕೆಂದರೆ ಸೂರಿನ ಹೆಂಚು ಹೆಚ್ಚು ಒಡೆದು ಹೆಚ್ಚು ಬದಲಾಗಿರುತ್ತದೆ.

ಹೆಂಚಿಗಿಂತ ಮೊದಲು ಈ ಮಾಡುಗಳ ಮೇಲಿದ್ದದ್ದು ಅಡಿಕೆ ಸೋಗೆ (ಗರಿ), ಕರಡ, ಕೆಲವೆಡೆ ಊರ ಕುಂಬಾರರ ಕೈಹೆಂಚು. ಚೌಕಟ್ಟು ಆ ಕಾಲದ್ದೇ ಎಂದು ಪರೀಕ್ಷಿಸಲು ಮಾಡಿನ ಇಳಿಜಾರು ಅಳೆಯಿರಿ. ಸೋಗೆಯ ಮಾಡಿನಲ್ಲಿ ನೀರು ಬೇಗ ಜಾರಬೇಕಾದ್ದರಿಂದ ಇಳಿಜಾರು 45 ಡಿಗ್ರಿಯ ಸುಮಾರಿಗೆ ಇರುತ್ತಿತ್ತು, ಅಂದರೆ ಅರ್ಧ ಅಗಲ ಎಷ್ಟೋ ನೆತ್ತಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಮಂಗಳೂರು ಹೆಂಚಿಗೆ 30 ಡಿಗ್ರಿ ಸಾಕು. ಇಂದು ಹೆಂಚಿದ್ದೂ ಇಳಿಜಾರು ಅಷ್ಟು ಕಡಿದಾಗಿದ್ದರೆ, ಪಕಾಸಿಗಳ ಮೇಲೆ ಹಗ್ಗ ಕಟ್ಟಿದ ಸವಕಳಿಯ ಗುರುತೂ ಇದ್ದರೆ, ಚೌಕಟ್ಟು ಸೋಗೆಯ ಕಾಲದ್ದೆಂದು ಧೈರ್ಯವಾಗಿ ಬರೆಯಬಹುದು. ಅಂಥ ಚೌಕಟ್ಟಿನ ಮೇಲೆ ಹೆಂಚು ಬಂದಾಗ ಭಾರ ಹಲವು ಪಟ್ಟು ಏರಿತೆಂಬುದನ್ನು ನೆನಪಿಡಬೇಕು: 100 ಚದರ ಅಡಿಗೆ ಸುಮಾರು 130ರಿಂದ 140 ಹೆಂಚು, ಒಂದೊಂದಕ್ಕೆ 2ರಿಂದ 3 ಕಿಲೋ, ಮಳೆಯಲ್ಲಿ ನೀರು ಹೀರಿದ ಮೇಲೆ ಇನ್ನಷ್ಟು. ಜೋತುಬಿದ್ದ ಪಕಾಸಿ, ಸೀಳು ಬಿಟ್ಟ ನೆತ್ತಿಯ ತೊಲೆಗಳಿಗೆ ಹಲವೆಡೆ ಇದೇ ಕಾರಣ.

ಕಾಗದಗಳಲ್ಲಿ ಎಲ್ಲಕ್ಕಿಂತ ಉಪಯುಕ್ತವಾದದ್ದು ಪಾಲುಪಟ್ಟಿ. ಅಣ್ಣತಮ್ಮಂದಿರು ಬೇರೆಯಾದಾಗ ಕೊಟ್ಟಿಗೆಯ ಯಾವ ಅಂಕಣ ಯಾರಿಗೆ, ಗೊಬ್ಬರಗುಂಡಿ ಯಾರಿಗೆ ಎಂದು ಬರೆದಿರುವುದುಂಟು, ಆ ಬರಹವನ್ನು ನಿಮ್ಮ ನಕ್ಷೆಯೊಂದಿಗೆ ಹೋಲಿಸಿದರೆ ಯಾವ ಅಂಕಣ ಆಗ ಇತ್ತು, ಯಾವುದು ಇರಲಿಲ್ಲ ಎಂಬುದು ತಿಳಿಯುತ್ತದೆ. ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದರಿಂದ ಕಾಗದದ ತಲೆಬರಹ, ಮುದ್ರೆಗಳೂ ಕಾಲ ನಿರ್ಣಯಕ್ಕೆ ನೆರವಾಗುತ್ತವೆ. ಮನೆಯ ಹಿರಿಯರನ್ನು ಕೇಳುವಾಗ ‘ಇದು ಎಷ್ಟು ವರ್ಷದ್ದು’ ಎಂದು ಕೇಳಿದರೆ ‘ಅಜ್ಜನ ಕಾಲದ್ದು’ ಎಂಬುದಕ್ಕಿಂತ ಹೆಚ್ಚು ಸಿಗದು. ‘ನೀವು ಸಣ್ಣವರಿದ್ದಾಗ ಸೋಗೆ ಹೊದೆಸುತ್ತಿದ್ದರೇ’, ‘ಗೇಣಿ ಭತ್ತ ಎಲ್ಲಿ ಇಡುತ್ತಿದ್ದರು’, ‘ಗೋಬರ್ ಗ್ಯಾಸ್ ಬರುವ ಮೊದಲು ನೆಲ ಹೇಗಿತ್ತು’ ಎಂದು ಒಂದೊಂದಾಗಿ ಕೇಳಬೇಕು. ಹೆಂಗಸರನ್ನು ತಪ್ಪದೆ ಕೇಳಿ. ಹಾಲು ಕರೆದವರು, ಹುಲ್ಲು ಇಳಿಸಿದವರು, ಸಗಣಿ ಬಾಚಿದವರು ಅವರೇ ಆದ್ದರಿಂದ ಒಳಗಿನ ಬದಲಾವಣೆಗಳು ಅವರ ನೆನಪಿನಲ್ಲಿ ಖಚಿತವಾಗಿರುತ್ತವೆ.

ಕಂಬದ ಬುಡ

ಹಳೆಯ ಕೊಟ್ಟಿಗೆ ಬೀಳುವುದು ಸಾಮಾನ್ಯವಾಗಿ ಎರಡು ಕಡೆಯಿಂದ: ಸೂರಿನಂಚಿನ ಪಕಾಸಿ ತುದಿಗಳಿಂದ ಮತ್ತು ಕಂಬದ ಬುಡದಿಂದ. ಮೊದಲನೆಯದು ಕಣ್ಣಿಗೆ ಕಾಣುವುದರಿಂದ ಜನ ಸರಿಪಡಿಸುತ್ತಾರೆ. ಎರಡನೆಯದು ಮರೆಯಲ್ಲಿ ಬೆಳೆಯುತ್ತದೆ. ಮೊದಲು ಕಂಬಗಳು ನೆಲದಿಂದ ಮೇಲೆದ್ದ ಕಲ್ಲಿನ ಮೇಲೆ ನಿಂತಿದ್ದವು. 1980 ಮತ್ತು 1990ರ ದಶಕಗಳಲ್ಲಿ ಶಿರಸಿ, ಸಿದ್ದಾಪುರದ ಮನೆಮನೆಗೆ ಗೋಬರ್ ಗ್ಯಾಸ್ ಬಂದಾಗ ಸಗಣಿ ಗಂಜಲ ನೇರವಾಗಿ ಗುಂಡಿಗೆ ಹರಿಯಲೆಂದು ನೆಲಕ್ಕೆ ಸಿಮೆಂಟು ಹಾಕಿದರು. ಹೊಗೆಯಿಲ್ಲದ ಅಡುಗೆಮನೆ ಕೊಟ್ಟ ಆ ಬದಲಾವಣೆ ಒಳ್ಳೆಯದೇ ಆಗಿತ್ತು. ಆದರೆ ಆ ಕೆಲಸದಲ್ಲಿ ಅನೇಕ ಕಡೆ ಅಡಿಗಲ್ಲು ಸಿಮೆಂಟಿನಡಿ ಮುಚ್ಚಿಹೋಗಿ ಕಂಬದ ಬುಡಕ್ಕೇ ಸಿಮೆಂಟಿನ ಕೊರಳಪಟ್ಟಿ ಬಿತ್ತು. ತೊಳೆದ ನೀರು, ಗಂಜಲ ಆ ಸಂದಿಗೆ ಇಳಿದರೆ ಆರುವ ದಾರಿಯಿಲ್ಲ. ಮರದಲ್ಲಿ ತೇವಾಂಶ ಶೇ. 20 ಮೀರಿ ನಿಂತರೆ ಬೂಷ್ಟು ಕೊಳೆ ಶುರುವಾಗುತ್ತದೆ, ಕೊಳೆತ ಮರಕ್ಕೆ ಒರಲೆ (ಗೆದ್ದಲು) ತಾನಾಗಿ ಬರುತ್ತದೆ.

ಪರೀಕ್ಷೆ ಸುಲಭ. ನೆಲದ ಮಟ್ಟದಲ್ಲಿ ಕಂಬದ ನಾಲ್ಕೂ ಮುಖಕ್ಕೆ ದಬ್ಬಣ ಒತ್ತಿ. ಗಟ್ಟಿ ಒಳಮರವಾದ ಚೇಗಿನಲ್ಲಿ ಅದು ತುದಿ ಮಾತ್ರ ಕಚ್ಚುತ್ತದೆ, ಕೊಳೆತಲ್ಲಿ ಸಲೀಸಾಗಿ ಇಳಿಯುತ್ತದೆ. ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಮರದ ಹಿಡಿಯಿಂದ ಬುಡಕ್ಕೂ ಎದೆಯೆತ್ತರಕ್ಕೂ ತಟ್ಟಿ ಸದ್ದು ಹೋಲಿಸಿ. ಹೊರಗಿನ ಬಿಳಿ ಮರವನ್ನು ಕುಟ್ಟೆ ಹುಳ ತಿಂದು ಪುಡಿ ಉದುರುತ್ತಿದ್ದರೂ ಒಳಗಿನ ಚೇಗು ಗಟ್ಟಿಯಿರುವುದು ಮತ್ತಿ, ಹೊನ್ನೆಗಳಲ್ಲಿ ಸಾಮಾನ್ಯ. ಪುಡಿ ಕಂಡಿತೆಂದು ಕಂಬವನ್ನೇ ತೆಗೆಯುವುದು ಅನ್ಯಾಯ.

ಬುಡ ಮಾತ್ರ ಕೊಳೆತಿದ್ದರೆ ಇಡೀ ಕಂಬ ಬದಲಿಸಬೇಕಿಲ್ಲ. ಕೆಲಸ ಡಿಸೆಂಬರಿನಿಂದ ಏಪ್ರಿಲ್ ಒಳಗೆ ನಡೆಯಬೇಕು, ರೋಹಿಣಿ ಮಳೆಗೆ ಮೊದಲು ಹೆಂಚು ಮರಳಿ ಏರಿರಬೇಕು. ಅಟ್ಟ ಖಾಲಿ ಮಾಡಿ, ಆ ಅಂಕಣದ ಹೆಂಚನ್ನು ಎರಡೂ ಇಳಿಜಾರಿನಿಂದ ಸಮವಾಗಿ ಇಳಿಸಿ; ಒಂದೇ ಬದಿಯಿಂದ ಇಳಿಸಿದರೆ ಚೌಕಟ್ಟು ಇನ್ನೊಂದು ಬದಿಗೆ ವಾಲುತ್ತದೆ. ತೊಲೆಯ ಅಡಿಗೆ ಕಂಬದ ಎರಡೂ ಪಕ್ಕ ಆಧಾರದ ಕಂಬ ಕೊಟ್ಟು, ಅವುಗಳ ಕೆಳಗೆ ಅಗಲವಾದ ಹಲಗೆ ಹಾಕಿ, ಜಾಕಿಯಿಂದ ನಿಧಾನವಾಗಿ ಎತ್ತಿ. ಎತ್ತಬೇಕಾದದ್ದು ಕಂಬದ ಭಾರ ಇಳಿಯುವಷ್ಟು ಮಾತ್ರ. ಜೋತ ತೊಲೆಯನ್ನು ಒಂದೇ ದಿನ ನೆಟ್ಟಗೆ ಮಾಡಲು ಹೋದರೆ ಪಕ್ಕದ ಜೋಡಣೆಗಳು ಸೀಳುತ್ತವೆ. ಕೊಳೆತ ಭಾಗವನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಉಳಿದ ಕಂಬದಲ್ಲೂ ಹೊಸ ತುಂಡಿನಲ್ಲೂ ಅರ್ಧರ್ಧ ದಪ್ಪ ತೆಗೆದು ಒಂದರ ಮೇಲೊಂದು ಕೂರಿಸಬೇಕು. ಈ ಕೂಡಿಕೆಯ ಉದ್ದ ಕಂಬದ ದಪ್ಪದ ಮೂರರಷ್ಟಾದರೂ ಇರಲಿ. ಭಾರ ಇಳಿಯುವ ಅಡ್ಡ ಮುಖಗಳು ಸಂದಿಲ್ಲದೆ ಕೂರಬೇಕು, ಇದರಲ್ಲಿ ರಾಜಿ ಬೇಡ. ಬಿಗಿಯಲು ಒಣಗಿದ ಚೇಗಿನ ಗೂಟ ಅಥವಾ ಬೋಲ್ಟು ಸಾಕು, ಮೊಳೆ ಬೇಡ.

ಹೊಸ ತುಂಡು ಅದೇ ಜಾತಿಯ ಒಣ ಚೇಗಾಗಿರಬೇಕು. ಹಸಿ ಮರ ಕುಗ್ಗಿ ಕೂಡಿಕೆ ಸಡಿಲವಾಗುತ್ತದೆ. ಬೆಟ್ಟದ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಳೆಯ ಮೋಪನ್ನು ಬೇರೆಡೆಯಿಂದ ಸಾಗಿಸುವ ಮೊದಲೂ ಇಲಾಖೆಯಲ್ಲಿ ವಿಚಾರಿಸಬೇಕು. ಆದ್ದರಿಂದ ಅದೇ ಕೊಟ್ಟಿಗೆಯ ಬೇಡವಾದ ಜಂತಿಯೋ ಮುರಿದ ತೊಲೆಯ ಗಟ್ಟಿ ತುಂಡೋ ಇದ್ದರೆ ಅದಕ್ಕಿಂತ ಒಳ್ಳೆಯ ಮರ ಸಿಗದು. ಅಡಿಗಲ್ಲನ್ನು ಈಗಿನ ನೆಲದಿಂದ ಆರೇಳು ಇಂಚು ಮೇಲೆ ಬರುವಂತೆ ಕೂರಿಸಿ, ಸುತ್ತಲಿನ ಸಿಮೆಂಟನ್ನು ಕಲ್ಲಿನಿಂದ ಹೊರಗೆ ಇಳಿಜಾರಾಗಿ ಮಾಡಿ. ತುಂಡಿನ ಅಡಿಮುಖಕ್ಕೂ ಕೂಡಿಕೆಗೂ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದು ನಮ್ಮ ಜಿಲ್ಲೆಯ ಹಳೆಯ ಕ್ರಮ. ಒರಲೆಗೆ ಅದು ಚೆನ್ನಾಗಿ ತಡೆಯೊಡ್ಡುತ್ತದೆ. ಅದು ಚರ್ಮ ಸುಡುವುದರಿಂದ ಕೈಗವಸು ಬೇಕು, ಪೂರ್ತಿ ಆರುವವರೆಗೆ ದನಗಳನ್ನು ಆ ಕಂಬಕ್ಕೆ ಕಟ್ಟಬಾರದು. ಎನಾಮಲ್ ಬಣ್ಣ ಬಳಿಯಲೇಬೇಡಿ, ಒಳಗಿನ ತೇವ ಹೊರಬರದೆ ಅಲ್ಲೇ ಕೊಳೆಸುತ್ತದೆ.

ಬಿಚ್ಚುವುದೇ ನಿಶ್ಚಯವಾದರೆ

ಮಣಿಪಾಲದ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಬೇರೆ ಬೇರೆ ಊರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ನೋಡಿದವರಿಗೆ ಮರದ ಚೌಕಟ್ಟು ಹೀಗೆ ಸ್ಥಳಾಂತರವಾಗಬಲ್ಲದು ಎಂಬುದು ಗೊತ್ತಿದೆ. ಗೂಟ ಬೆಣೆಗಳ ಕಟ್ಟಡಕ್ಕೆ ಈ ಗುಣ ಹುಟ್ಟಿನಿಂದಲೇ ಇದೆ. ಬಿಚ್ಚುವ ಮೊದಲು ಪ್ರತಿ ಮರಕ್ಕೆ ನಕ್ಷೆಯಲ್ಲಿರುವ ಅದೇ ಹೆಸರನ್ನು ತಗಡಿನ ಬಿಲ್ಲೆಯ ಮೇಲೆ ಕೊರೆದು ಜೋಡಣೆಯೊಳಗೆ ಮರೆಯಾಗುವ ಕಡೆಯಲ್ಲದೆ ಕಾಣುವ ಮುಖಕ್ಕೆ ಕಟ್ಟಬೇಕು. ಸೀಮೆಸುಣ್ಣ, ಪೇಂಟು ಎರಡೂ ಸಾಗಾಟದಲ್ಲಿ ಅಳಿಯುತ್ತವೆ. ಕಟ್ಟಿದ ಕ್ರಮಕ್ಕೆ ತಿರುಗುಮುರುಗಾಗಿ, ಹೆಂಚು, ರೀಪು, ಪಕಾಸಿ, ನೆತ್ತಿ, ಅಟ್ಟ, ತೊಲೆ, ಕಂಬ ಎಂದು ಇಳಿಯಬೇಕು. ಗೂಟಗಳನ್ನು ಸಣ್ಣ ತುದಿಯಿಂದ ಹೊಡೆದು ತೆಗೆಯಬೇಕು, ಗರಗಸ ಆಡಿಸಬಾರದು. ತೆಗೆದ ಮರವನ್ನು ನೆಲಕ್ಕೆ ತಾಗದಂತೆ ಕೆಳಗೆ ಅಡ್ಡಲಾಗಿ ಗಳುಗಳನ್ನು ಇಟ್ಟು, ನಡುವೆ ಗಾಳಿಯಾಡುವಂತೆ ನೆರಳಿನಲ್ಲಿ ಪೇರಿಸಿಡಿ.

ದುರಸ್ತಿಯಾದ ಕೊಟ್ಟಿಗೆಯಾದರೆ ಮೊದಲ ಮಳೆಗಾಲ ಕಳೆದ ಮೇಲೆ ಮತ್ತೆ ನೋಡಬೇಕು. ದೊಡ್ಡಹಬ್ಬದ (ದೀಪಾವಳಿಯ) ಗೋಪೂಜೆಗೆಂದು ಕೊಟ್ಟಿಗೆಯನ್ನು ತೊಳೆದು ಜೇಡರ ಬಲೆ ಹೊಡೆಯುವ ಹೊತ್ತು ಇದಕ್ಕೆ ಅನುಕೂಲ. ಬೆಣೆಗಳು ಸಡಿಲವಾಗಿದ್ದರೆ ಹೊಡೆದು ಬಿಗಿಮಾಡಿ, ಹಳೆಯ ಸೀಮೆಸುಣ್ಣದ ಗುರುತುಗಳಿದ್ದ ಜಾಗದಲ್ಲಿ ತೇವವಿದೆಯೇ ಎಂದು ಮುಟ್ಟಿ ನೋಡಿ, ಹೊಸ ತುಂಡಿನ ಬುಡಕ್ಕೆ ದಬ್ಬಣ ಒತ್ತಿ ನೋಡಿ, ಆ ದಿನಾಂಕದೊಂದಿಗೆ ಎಲ್ಲವನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ನಕ್ಷೆ ಮತ್ತು ಟಿಪ್ಪಣಿಯ ಒಂದು ಪ್ರತಿ ಮನೆಯ ಪಹಣಿ, ಪಾಲುಪಟ್ಟಿಗಳ ಜೊತೆಗಿರಲಿ, ಇನ್ನೊಂದು ಪ್ರತಿ ಕೆಲಸ ಮಾಡಿದ ಆಚಾರಿಯ ಕೈಯಲ್ಲಿರಲಿ.